‘ಒಂದು ಸೆಟ್ ಕೊಡಿ’ ಎನ್ನುವವರಿಗೆ

ಪುಣೆಯ ಕನ್ನಡ ಮನೆಗಳಲ್ಲಿ ತಂಬೂರಿಗೆ ಕೊರತೆಯಿಲ್ಲ. ಧಾರವಾಡ, ಹುಬ್ಬಳ್ಳಿ, ಗದಗ, ವಿಜಯಪುರಗಳ ಕಡೆಯಿಂದ ಬಂದು ಇಲ್ಲಿ ನೆಲೆಸಿದವರಲ್ಲಿ ಅನೇಕರ ಮನೆಯ ಮೂಲೆಯಲ್ಲಿ, ಹಿಂದಿನ ತಲೆಮಾರಿನವರು ನುಡಿಸಿದ ತಂಬೂರಿಯೊಂದು ಗವಸು ತೊಟ್ಟು ಗೋಡೆಗೆ ಒರಗಿರುತ್ತದೆ. ಗವಸು ಸರಿಸಿ ಮೀಟಿದರೆ ಮೊದಲಿನ ಮೂರು ತಂತಿಗಳು ಹೇಗೋ ನುಡಿಯುತ್ತವೆ. ನಾಲ್ಕನೆಯದಾದ ಖರಜ ಮಾತ್ರ ಒಮ್ಮೆ ‘ದಬ್’ ಎಂದು ಸುಮ್ಮನಾಗುತ್ತದೆ. ಉಕ್ಕಿನ ಜೋಡು ತಂತಿ ಸದ್ದು ಮಾಡಿ ಹರಿಯುತ್ತದೆ, ಅದರ ಸಾವು ಮನೆಮಂದಿಗೆಲ್ಲ ತಿಳಿಯುತ್ತದೆ. ಹಿತ್ತಾಳೆಯ ಖರಜ ಹರಿಯದೆಯೇ ಸಾಯುತ್ತದೆ. ಮಳೆಗಾಲದ ತೇವಕ್ಕೆ ಕಪ್ಪಾಗಿ, ಬೆರಳಿನ ಬೆವರಿಗೆ ಕಿಲುಬು ಹಿಡಿದು, ಕುದುರೆಯ ಮೇಲೆ ಸವೆದು, ವರ್ಷದಿಂದ ವರ್ಷಕ್ಕೆ ಮೂಕವಾಗುತ್ತ ಹೋಗುತ್ತದೆ. ಕೇಳುವವರ ಕಿವಿಯೂ ಅದರೊಡನೆಯೇ ಮೊಂಡಾಗುವುದರಿಂದ ಸಾವಿನ ಸುದ್ದಿ ಯಾರಿಗೂ ಮುಟ್ಟುವುದಿಲ್ಲ.

ಒಂದು ದಿನ ಮನೆಯ ಮಗುವನ್ನು ಹಾಡಿಗೆ ಕೂರಿಸುವ ಮನಸ್ಸಾಗುತ್ತದೆ. ಆಗ ಅಂಗಡಿಗೆ ಹೋಗಿಯೋ ಫೋನಿನಲ್ಲಿಯೋ ‘ತಂಬೂರಿ ತಂತಿ, ಒಂದು ಸೆಟ್ ಕೊಡಿ’ ಎಂದು ಕೇಳಲಾಗುತ್ತದೆ. ಯಾವ ತಂಬೂರಿ, ಎಷ್ಟು ಉದ್ದದ್ದು, ಯಾವ ಶ್ರುತಿಗೆ ಸೇರಿಸುವುದು ಎಂದು ಮಾರುವವನು ಕೇಳುವುದಿಲ್ಲ, ಕೊಳ್ಳುವವನು ಹೇಳುವುದಿಲ್ಲ. ಹಳೆಯ ತಂತಿ ಸುರುಳಿಯಾಗಿ ಕಸದ ಬುಟ್ಟಿ ಸೇರುತ್ತದೆ. ‘ಒಂದು ಸೆಟ್ ಕೊಡಿ’ ಎಂಬ ಈ ಮೂರು ಪದಗಳ ಮೇಲೆಯೇ ನಮ್ಮ ತಕರಾರು. ಹೊರಗಿನಿಂದ ನೋಡಿದವರಿಗೆ ಇದು ಅಲ್ಪ ಬೆಲೆಯ ತಂತಿಯೊಂದರ ಮಾತು. ನಮ್ಮ ಎಣಿಕೆಯಲ್ಲಿ, ಹಳೆಯ ವಾದ್ಯವೊಂದು ಉಳಿಯುವುದೂ ಅಳಿಯುವುದೂ, ಅದರ ಪಕ್ಕ ಕೂತು ಕಲಿಯುವ ಮಗುವಿನ ಕಿವಿ ತಿದ್ದುವುದೂ ಕೆಡುವುದೂ ಈ ಮೂರು ಪದಗಳಲ್ಲಿಯೇ ತೀರ್ಮಾನವಾಗುತ್ತದೆ.

ಖರಜವೆಂದರೆ ಷಡ್ಜವೇ. ಉತ್ತರದವರ ನಾಲಗೆಯಲ್ಲಿ ಷಕಾರ ಖಕಾರವಾಗಿ ‘ಷಡ್ಜ’ವು ‘ಖರಜ’ವಾಯಿತು. ತಂಬೂರಿಯ ಮೊದಲ ತಂತಿಯನ್ನು ಸಾಮಾನ್ಯವಾಗಿ ಮಂದ್ರ ಪಂಚಮಕ್ಕೆ, ನಡುವಿನ ಜೋಡಿಯನ್ನು ಮಧ್ಯ ಷಡ್ಜಕ್ಕೆ, ಕೊನೆಯದನ್ನು ಮಂದ್ರ ಷಡ್ಜಕ್ಕೆ ಸೇರಿಸುತ್ತಾರೆ. ಆ ಕೊನೆಯ ತಂತಿ ತನ್ನೊಂದು ಸ್ವರವನ್ನಷ್ಟೇ ನುಡಿಯುವುದಿಲ್ಲ. ಅದರ ಕಂಪನದ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು, ಐದು ಪಟ್ಟಿನ ಉಪಸ್ವರಗಳು ಅದರೊಳಗೇ ಏಳುತ್ತವೆ. ಮೂರು ಪಟ್ಟಿನದು ಪಂಚಮ, ಐದು ಪಟ್ಟಿನದು ಗಂಧಾರ. ಚೆನ್ನಾಗಿ ಸೇರಿದ ತಂಬೂರಿಯಲ್ಲಿ ಯಾರೂ ಮೀಟದ ಗಂಧಾರವೊಂದು ತಾನಾಗಿ ಕೇಳಿಬರುತ್ತದೆ ಎಂದು ಗುರುಗಳು ಹೇಳುವುದು ಕವಿಕಲ್ಪನೆಯಲ್ಲ. ಅದು ಖರಜದ ಐದನೆಯ ಉಪಸ್ವರ. ಹಾರ್ಮೋನಿಯಮ್ಮಿನ ಗಂಧಾರಕ್ಕಿಂತ ಅದು ಅರ್ಧಸ್ವರದ ಸುಮಾರು ಏಳನೆಯ ಒಂದು ಪಾಲಿನಷ್ಟು ಇಳಿದಿರುತ್ತದೆ. ಯಮನವನ್ನೋ ಭೂಪವನ್ನೋ ಕಲಿಯುವ ಮಗುವಿಗೆ ಗಂಧಾರವೆಂದರೆ ಎಲ್ಲಿ ನಿಲ್ಲಬೇಕು ಎಂಬುದನ್ನು ಬಾಯಿಮಾತಿನ ಯಾವ ಪಾಠವೂ ಇಷ್ಟು ಖಚಿತವಾಗಿ ಹೇಳಲಾರದು.

ಈ ಉಪಸ್ವರಗಳ ಸಂಪತ್ತು ಎಲ್ಲಿಂದ ಬರುತ್ತದೆ ಎಂಬುದನ್ನು ಸಿ.ವಿ. ರಾಮನ್ ಕಲ್ಕತ್ತೆಯಲ್ಲಿದ್ದಾಗ, 1921ರ ತಮ್ಮ ಪ್ರಬಂಧವೊಂದರಲ್ಲಿ ಚರ್ಚಿಸಿದರು. ತಂತಿಯನ್ನು ಮೀಟಿದ ಬಿಂದು ಯಾವ ಉಪಸ್ವರಕ್ಕೆ ನಿಶ್ಚಲ ಬಿಂದುವೋ ಆ ಉಪಸ್ವರ ಹುಟ್ಟಬಾರದು ಎಂಬುದು ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಅವರ ಹೆಸರಿನ ನಿಯಮ. ನಮ್ಮ ವೀಣೆ, ತಂಬೂರಿಗಳು ಆ ನಿಯಮವನ್ನು ಮೀರುತ್ತವೆ ಎಂದು ರಾಮನ್ ತೋರಿಸಿದರು. ತಂಬೂರಿಯ ಕುದುರೆ ಚೂಪಾದ ಅಂಚಲ್ಲ, ಮೆಲ್ಲಗೆ ಬಾಗಿದ ಅಗಲವಾದ ಮೇಲ್ಮೈ. ಅದರ ಮೇಲೆ ತಂತಿ ಮುಟ್ಟಿಮುಟ್ಟಿ ಬಿಡುವಾಗ, ನಡುವೆ ತೂರಿಸಿದ ನೂಲಿನೆಳೆಯ ನೆರವಿನಿಂದ, ಜೀವಾರಿ ಹುಟ್ಟುತ್ತದೆ. ಆ ಬಾಗಿನ ಮೇಲೆ ತಂತಿ ಎಷ್ಟು ಅಗಲಕ್ಕೆ ಆಡಬೇಕು ಎಂಬುದು ತಂತಿಯ ದಪ್ಪವನ್ನೂ ಸೆಳೆತವನ್ನೂ ಅವಲಂಬಿಸಿದೆ. ಬೇರೆ ದಪ್ಪದ ತಂತಿ ಹಾಕಿದರೆ ಕುಶಲಿಯೊಬ್ಬ ತಾಸುಗಟ್ಟಲೆ ಕೂತು ಉಜ್ಜಿದ ಜೀವಾರಿ ವ್ಯರ್ಥವಾಗುತ್ತದೆ.

ಪುಣೆಯ ಕನ್ನಡಿಗರಿಗೇ ಈ ಮಾತನ್ನು ವಿಶೇಷವಾಗಿ ಹೇಳುವುದಕ್ಕೆ ಕಾರಣವಿದೆ. 1913ರಲ್ಲಿ ಅಬ್ದುಲ್ ಕರೀಂ ಖಾನರು ತಮ್ಮ ಆರ್ಯ ಸಂಗೀತ ವಿದ್ಯಾಲಯವನ್ನು ತೆರೆದದ್ದು ಇದೇ ಊರಿನಲ್ಲಿ. ಮುಂದೆ ಮಿರಜದಲ್ಲಿ ನೆಲೆಸಿದ ಅವರು 1937ರಲ್ಲಿ ತೀರಿಕೊಂಡ ಮೇಲೆ ಆ ಊರಿನ ಮಣ್ಣಿನಲ್ಲಿಯೇ ಮಲಗಿದರು. ಅವರ ಶಿಷ್ಯ, ಕುಂದಗೋಳದ ರಾಮಭಾವು, ಸವಾಯಿ ಗಂಧರ್ವರೆನಿಸಿದರು. ಅವರ ಶಿಷ್ಯ ಭೀಮಸೇನ ಜೋಶಿಯವರು ಗದಗದ ಸೀಮೆಯಿಂದ ಬಂದು ಪುಣೆಯವರಾದರು, ಗುರುವಿನ ಹೆಸರಿನಲ್ಲಿ 1953ರಿಂದ ಇಲ್ಲಿ ಉತ್ಸವ ನಡೆಯುವಂತೆ ಮಾಡಿದರು. ಕಿರಾಣಾ ಪರಂಪರೆಯೆಂದರೆ ಸ್ವರದ ಪರಂಪರೆ, ಸ್ವರದ ಪರಂಪರೆಯೆಂದರೆ ತಂಬೂರಿಯ ಪರಂಪರೆ. ಇತ್ತ ಮಲ್ಲಿಕಾರ್ಜುನ ಮನ್ಸೂರರು ನೀಲಕಂಠಬುವಾ ಅವರ ಬಳಿ ಕಲಿತದ್ದೂ ಮಿರಜದಲ್ಲಿಯೇ. ಕತ್ತಿಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರರು 19ನೆಯ ಶತಮಾನದಲ್ಲಿ ತಂತಿವಾದ್ಯಗಳತ್ತ ಹೊರಳಿ ಆ ಊರಿಗೆ ಹೆಸರು ತಂದರು. ಸೊಲ್ಲಾಪುರ ಜಿಲ್ಲೆಯ ಬಯಲಿನಲ್ಲಿ ಬೆಳೆದ ಸೋರೆಬುರುಡೆ ಅವರ ಕೈಯಲ್ಲಿ ತಂಬೂರಿಯಾಯಿತು. ಕರ್ನಾಟಕದ ಗಾಯಕರಿಗೂ ಪುಣೆಯ ವೇದಿಕೆಗೂ ನಡುವಿನ ಸೇತುವೆ ಮಿರಜ. 2024ರಲ್ಲಿ ಮಿರಜದ ಸಿತಾರಕ್ಕೂ ತಂಬೂರಿಗೂ ಜಿಐ ಟ್ಯಾಗ್ ಬಂದಾಗ ನಮ್ಮವರೆಲ್ಲರೂ ಹೆಮ್ಮೆಪಟ್ಟರು. ಸರಿಯೇ. ಆದರೆ ಆ ಮಾನ್ಯತೆ ವಾದ್ಯ ಎಲ್ಲಿ ಹುಟ್ಟಿತು ಎಂಬುದಕ್ಕೆ ಸಾಕ್ಷಿ ಹೇಳುತ್ತದೆ. ನಮ್ಮ ಮನೆಯಲ್ಲಿ ಅದು ಹೇಗೆ ಸಾಯುತ್ತಿದೆ ಎಂಬುದರ ಬಗ್ಗೆ ಅದಕ್ಕೇನೂ ಹೇಳಲಿಕ್ಕಿಲ್ಲ. ಡಿಸೆಂಬರಿನ ಚಳಿಯಲ್ಲಿ ಶಾಲು ಹೊದ್ದು ಉತ್ಸವದ ಮಂಟಪ ತುಂಬುವ ಸಮಾಜ, ಗಾಯಕನ ಹಿಂದೆ ನಿಂತ ಎರಡು ತಂಬೂರಿಗಳ ನಾದಕ್ಕೆ ತಲೆದೂಗುವ ಸಮಾಜ, ತನ್ನ ಮನೆಯ ತಂಬೂರಿಗೆ ಯಾವ ದಪ್ಪದ ತಂತಿ ಬೇಕೆಂದು ತಿಳಿಯದೆ ಇರುವುದನ್ನು ರಸಿಕತೆ ಎನ್ನಲು ನಾವು ಒಪ್ಪುವುದಿಲ್ಲ.

ಇದೇ ಪುಣೆಯಲ್ಲಿ ಇನ್ನೊಂದು ಹಳೆಯ ವಾದ್ಯವಿದೆ. ಅದರ ಮಂದ್ರ ತಂತಿಗಳೂ ಹೀಗೆಯೇ ಹರಿಯದೆ ಸಾಯುತ್ತವೆ. ದಂಡು ಪ್ರದೇಶದ ಹಳೆಯ ಮನೆಗಳಿಗೂ ಚರ್ಚುಗಳಿಗೂ ಶಾಲೆಗಳಿಗೂ ಬ್ರಿಟಿಷರ ಕಾಲದಿಂದ ಬಂದು ಸೇರಿದ ಪಿಯಾನೊಗಳ ಮಾತಿದು. ಪಿಯಾನೊವೊಂದರಲ್ಲಿ ಸುಮಾರು 230 ತಂತಿಗಳು, ಅವೆಲ್ಲವೂ ಕೂಡಿ ಬೀಡುಕಬ್ಬಿಣದ ಚೌಕಟ್ಟಿನ ಮೇಲೆ ಹೇರುವ ಸೆಳೆತ 15ರಿಂದ 20 ಟನ್. ತಗ್ಗಿನ ಸ್ವರಗಳಿಗೆ ಬರಿಯ ಉಕ್ಕಿನ ತಂತಿ ಹಾಕಿದರೆ ಅದು ಹಲವು ಮೀಟರ್ ಉದ್ದವಾಗಬೇಕು, ಇಲ್ಲವೇ ಸರಳಿನಷ್ಟು ದಪ್ಪವಾಗಬೇಕು. ಸರಳಿನಷ್ಟು ದಪ್ಪದ ತಂತಿ ಬಾಗುವುದಿಲ್ಲ, ಅದರ ಉಪಸ್ವರಗಳು ಸರಿಯಾದ ಮಡಿಗಳಲ್ಲಿ ನಿಲ್ಲದೆ ಮೇಲೇರುತ್ತವೆ, ಬೆರೆತ ನಾದದ ಬದಲು ಲೋಹದ ಬಡಿತ ಕೇಳುತ್ತದೆ. ಆದ್ದರಿಂದ ತೆಳುವಾದ ಉಕ್ಕಿನ ಒಡಲಿಗೆ ತಾಮ್ರದ ತಂತಿಯನ್ನು ಒತ್ತಾಗಿ ಸುತ್ತುತ್ತಾರೆ. ತೂಕ ಬರುತ್ತದೆ, ಬಾಗುವ ಗುಣ ಉಳಿಯುತ್ತದೆ. ದಶಕಗಳ ಧೂಳೂ ತುಕ್ಕೂ ಆ ಸುತ್ತುಗಳ ಸಂದಿನಲ್ಲಿ ಕೂತಾಗ ತಂತಿ ಹರಿಯದೆಯೇ ಮೂಕವಾಗುತ್ತದೆ. ಖರಜದ ಕತೆಯೂ ಇದೇ ಅಲ್ಲವೇ?

ವ್ಯತ್ಯಾಸವಿರುವುದು ಬದಲಿ ತಂತಿ ತರಿಸುವ ರೀತಿಯಲ್ಲಿ. ಹಳೆಯ ಪಿಯಾನೊದ ಮಂದ್ರ ತಂತಿಗಳಿಗೆ ‘ಒಂದು ಸೆಟ್ ಕೊಡಿ’ ಎಂದರೆ ಎಲ್ಲಿಯೂ ಸಿಗದು. ಒಂದೊಂದು ಮಾದರಿಗೂ ಉದ್ದ ಬೇರೆ, ಒಂದೊಂದು ಸ್ವರಕ್ಕೂ ತಂತಿ ಬೇರೆ. ಬಲ್ಲ ಕೆಲಸಗಾರ ಹಳೆಯ ತಂತಿಯನ್ನು ಬಿಚ್ಚುವ ಮೊದಲೇ ಕಾಗದ ಹರಡಿ ಪೆನ್ಸಿಲ್ಲಿನಿಂದ ಉಜ್ಜಿ ಮೊಳೆ, ಕುದುರೆಗಳ ಅಚ್ಚು ತೆಗೆಯುತ್ತಾನೆ. ಪ್ರತಿ ತಂತಿಗೂ ಅಂಕಿ ಕೊಡುತ್ತಾನೆ. ಒಳಗಿನ ಉಕ್ಕಿನ ದಪ್ಪ, ತಾಮ್ರ ಸೇರಿ ಒಟ್ಟು ದಪ್ಪ, ಸುತ್ತು ಎಲ್ಲಿ ಆರಂಭ, ಎಲ್ಲಿ ಮುಗಿತಾಯ, ನುಡಿಯುವ ಉದ್ದ ಎಷ್ಟು ಎಂದು ಬರೆಯುತ್ತಾನೆ. ಸುತ್ತಿಗೆಯ ಏಟಿಗೆ ತಾಮ್ರ ಚಪ್ಪಟೆಯಾಗಿರಬಹುದೆಂದು ಒಂದೇ ತಂತಿಯನ್ನು ಹಲವು ಕಡೆ ಮೈಕ್ರೊಮೀಟರಿನಿಂದ ಅಳೆಯುತ್ತಾನೆ. ಹಿಂದೆ ಯಾರೋ ತಪ್ಪು ತಂತಿ ಹಾಕಿದ್ದರೆ ಅದರ ನಕಲು ಮಾಡಿಸಿ ಫಲವಿಲ್ಲ. ಆಗ ಉದ್ದವೊಂದನ್ನೇ ಆಧಾರವಾಗಿಟ್ಟುಕೊಂಡು ಹೊಸದಾಗಿ ಲೆಕ್ಕ ಹಾಕಬೇಕು. ಪಕ್ಕಪಕ್ಕದ ತಂತಿಗಳ ಸೆಳೆತ ಥಟ್ಟನೆ ಏರಿಳಿಯಬಾರದು, ಯಾವ ತಂತಿಯೂ ಹರಿಯುವ ಮಿತಿಯ ಸಮೀಪಕ್ಕೆ ಹೋಗಬಾರದು, ಸುತ್ತು ತಂತಿಗಳು ಮುಗಿದು ಬರಿ ಉಕ್ಕಿನ ತಂತಿಗಳು ಆರಂಭವಾಗುವಲ್ಲಿ ನಾದ ಒಡೆಯಬಾರದು. ಇದೆಲ್ಲವನ್ನೂ ಬರೆದು ದೂರದ ಊರಿನ ತಂತಿಗಾರನಿಗೆ ಕಳಿಸುತ್ತಾನೆ. ಆ ತಂತಿಗಾರ ಪಿಯಾನೊವನ್ನು ಕಣ್ಣಿನಿಂದ ಕಂಡಿರುವುದಿಲ್ಲ. ಆದರೂ ಸರಿಯಾದ ತಂತಿ ಬರುತ್ತದೆ. ಬರೆದ ಅಳತೆ ಹೋಗಿ ಅವನಿಗೆ ವಾದ್ಯವನ್ನು ತೋರಿಸಿಬಂದಿರುತ್ತದೆ.

230 ತಂತಿಗಳಿಗೆ ಸಾಧ್ಯವಾದದ್ದು ನಾಲ್ಕು ತಂತಿಗಳಿಗೆ ಏಕೆ ಅಸಾಧ್ಯ? ಲೆಕ್ಕ ಕಠಿಣವೆಂಬ ನೆಪ ನಡೆಯದು. ಫ್ರಾನ್ಸಿನ ಮೆರ್ಸೆನ್ ಎಂಬ ಪಾದ್ರಿ 1636ರಲ್ಲಿಯೇ ತಂತಿಯ ನಿಯಮವನ್ನು ಪ್ರಕಟಿಸಿದ್ದಾನೆ. ಅದರಿಂದ ಹೊರಡುವ ಸೂತ್ರ ಇಷ್ಟು: ಉದ್ದದ ವರ್ಗ, ಸೆಕೆಂಡಿಗೆ ಆಗಬೇಕಾದ ಕಂಪನಗಳ ವರ್ಗ, ಒಂದು ಮೀಟರ್ ತಂತಿಯ ತೂಕ, ಇವನ್ನು ಗುಣಿಸಿ ಮತ್ತೆ ನಾಲ್ಕರಿಂದ ಗುಣಿಸಿದರೆ ಸೆಳೆತ ಸಿಗುತ್ತದೆ.

ಗಂಡಸರ ತಂಬೂರಿಯೊಂದನ್ನು ತೆಗೆದುಕೊಳ್ಳೋಣ. ಮೇರುವಿನಿಂದ ಕುದುರೆಯವರೆಗೆ ನುಡಿಯುವ ಉದ್ದ 1 ಮೀಟರ್, ಹಾಡುವವರ ಷಡ್ಜ ಹಾರ್ಮೋನಿಯಮ್ಮಿನ ಕರಿ ಒಂದು ಎಂದಿರಲಿ. ಆಗ ಖರಜ ಸೆಕೆಂಡಿಗೆ ಸುಮಾರು 69 ಸಲ ಕಂಪಿಸಬೇಕು. 22ನೆಯ ನಂಬರಿನ ಹಿತ್ತಾಳೆಯ ತಂತಿ, ಎಂದರೆ 0.71 ಮಿ.ಮೀ. ದಪ್ಪದ್ದು, ಮೀಟರಿಗೆ 3.4 ಗ್ರಾಂ ತೂಗುತ್ತದೆ. ಸೆಳೆತ ಸುಮಾರು 6.6 ಕಿಲೋ. ಅದೇ ಜಾಗಕ್ಕೆ ಅಂಗಡಿಯವನು 24ನೆಯ ನಂಬರಿನ, 0.56 ಮಿ.ಮೀ. ದಪ್ಪದ ತಂತಿ ಕೊಟ್ಟನೆನ್ನಿ. ಕಣ್ಣಿಗೆ ವ್ಯತ್ಯಾಸವೇ ಕಾಣದು. ಸೆಳೆತ ಮಾತ್ರ 4.1 ಕಿಲೋಗೆ, ಎಂದರೆ ಶೇಕಡಾ 38ರಷ್ಟು ಕೆಳಗಿಳಿಯುತ್ತದೆ. ಸಡಿಲ ತಂತಿ ಮೀಟಿದ ಕ್ಷಣ ಸ್ವರವನ್ನು ಮೇಲಕ್ಕೆಸೆದು ಮತ್ತೆ ಕೆಳಗೆ ಜಾರುತ್ತದೆ, ಕುದುರೆಯ ಮೇಲೆ ಜೀವಾರಿಯ ಬದಲು ಗರಗರ ಸದ್ದು ಮಾಡುತ್ತದೆ. ಕಲಿಯುವ ಮಗು ಆ ಜಾರುವ ಸ್ವರವನ್ನೇ ಷಡ್ಜವೆಂದು ನಂಬುತ್ತದೆ.

ಅಪಾಯ ಇನ್ನೊಂದು ದಿಕ್ಕಿನಿಂದಲೂ ಬರುತ್ತದೆ. ಅಜ್ಜನ ಕರಿ ಒಂದರ ತಂಬೂರಿಯನ್ನು ಮೊಮ್ಮಗ ಬಿಳಿ ಮೂರಕ್ಕೆ ಏರಿಸಿದನೆಂದರೆ, ಅದೇ 22ನೆಯ ನಂಬರಿನ ಖರಜದ ಸೆಳೆತ 6.6ರಿಂದ 9.3 ಕಿಲೋಗೆ ಜಿಗಿಯುತ್ತದೆ. ಅದೇ ತಂತಿಯನ್ನು 85 ಸೆಂ.ಮೀ. ಉದ್ದದ ಹೆಂಗಸರ ತಂಬೂರಿಗೆ ಹಾಕಿ ಕರಿ ನಾಲ್ಕಕ್ಕೆ ಸೇರಿಸಿದರೆ ಸುಮಾರು 10.7 ಕಿಲೋ. ತಂತಿ ತಡೆದುಕೊಂಡೀತು, ಆದರೆ ತಬಲಿಯೆನ್ನುವ ಮುಖದ ಹಲಗೆ ಇಂಥ ಭಾರವನ್ನು ಬಹುಕಾಲ ತಡೆಯಲಾರದು. ಅದು ಕುದುರೆಯ ಕೆಳಗೆ ಕುಸಿಯುತ್ತದೆ, ದಂಡಿ ಬಾಗುತ್ತದೆ, ಬಿರಡೆ ಹಿಡಿಯುವುದನ್ನು ಬಿಡುತ್ತದೆ. ಆಮೇಲೆ ‘ಹಳೆಯ ತಂಬೂರಿ, ಇನ್ನೇನು ಮಾಡುವುದು’ ಎಂದು ವಯಸ್ಸಿನ ಮೇಲೆ ಹೊರೆ ಹೊರಿಸಲಾಗುತ್ತದೆ. ವಯಸ್ಸು ಕೊಂದ ತಂಬೂರಿಗಳಿಗಿಂತ ಸಲ್ಲದ ತಂತಿ ಕೊಂದ ತಂಬೂರಿಗಳೇ ಹೆಚ್ಚಿರಬೇಕೆಂದು ನಮ್ಮ ಗುಮಾನಿ.

ನಂಬರು ಹೇಳಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಬ್ರಿಟಿಷರ ತಂತಿ ಗೇಜಿನಲ್ಲಿ 22 ಎಂದರೆ 0.71 ಮಿ.ಮೀ. ಅಮೆರಿಕದ ಗೇಜಿನಲ್ಲಿ 22 ಎಂದರೆ 0.64 ಮಿ.ಮೀ. ಪಿಯಾನೊ ತಂತಿಯ ಗೇಜಿನಲ್ಲಿ 22 ಎಂದರೆ ಸುಮಾರು 1.22 ಮಿ.ಮೀ. ಮೊದಲೆರಡರಲ್ಲಿ ನಂಬರು ಏರಿದಂತೆ ತಂತಿ ತೆಳ್ಳಗಾಗುತ್ತದೆ, ಮೂರನೆಯದರಲ್ಲಿ ದಪ್ಪಗಾಗುತ್ತದೆ. ಯಾವ ಗೇಜು ಎಂದು ಹೇಳದ ನಂಬರು, ಊರಿನ ಹೆಸರಿಲ್ಲದ ಮನೆ ಸಂಖ್ಯೆಯಂತೆ. ಲೋಹದ ಹೆಸರೂ ಅಷ್ಟೇ ಮುಖ್ಯ. ಹಳದಿಯಾಗಿ ಕಂಡದ್ದೆಲ್ಲ ಹಿತ್ತಾಳೆಯಲ್ಲ, ಅದು ಕಂಚೂ ಆಗಿರಬಹುದು. ಹಿತ್ತಾಳೆ ಸಿಗಲಿಲ್ಲವೆಂದು ಅದೇ ದಪ್ಪದ ಉಕ್ಕನ್ನು ಖರಜಕ್ಕೆ ಬಿಗಿಯುವವರೂ ಇದ್ದಾರೆ. ಉಕ್ಕಿನ ಬಿಗುಪು ಹಿತ್ತಾಳೆಯ ಸುಮಾರು ಎರಡರಷ್ಟು. ದಪ್ಪ ಉಕ್ಕಿನ ತಂತಿಯಲ್ಲಿ ಉಪಸ್ವರಗಳು ತಮ್ಮ ನೆಲೆ ಬಿಟ್ಟು ಮೇಲಕ್ಕೆ ಸರಿಯುತ್ತವೆ. ಮಗುವಿನ ಕಿವಿಗೆ ದಾರಿ ತೋರಬೇಕಾದ ಗಂಧಾರವೇ ದಾರಿ ತಪ್ಪಿದಂತಾಯಿತು.

ಇಷ್ಟು ಹೇಳಿದರೆ ಮೊದಲ ಆಕ್ಷೇಪಣೆ ಹಿರಿಯರಿಂದಲೇ ಬರುತ್ತದೆ. ‘ಸಂಗೀತ ಕಿವಿಯ ವಿದ್ಯೆ. ಮಿರಜದ ಕುಶಲಿ ಮೈಕ್ರೊಮೀಟರ್ ಹಿಡಿದಿದ್ದನೇ? ಅಬ್ದುಲ್ ಕರೀಂ ಖಾನರು ಮೆರ್ಸೆನ್ನನನ್ನು ಓದಿದ್ದರೇ? ನಾದವನ್ನು ಮಿಲಿಮೀಟರಿನಲ್ಲಿ ಹಿಡಿಯಹೊರಟ ನಿಮಗೆ ನಾದ ತಿಳಿಯದು.’ ಈ ಮಾತಿನ ಹಿಂದಿನ ಭಕ್ತಿಯನ್ನು ನಾವು ಗೌರವಿಸುತ್ತೇವೆ, ಅದರ ತೀರ್ಮಾನವನ್ನು ಒಪ್ಪುವುದಿಲ್ಲ. ಜೀವಾರಿ ಕೈಯ ಕೆಲಸ, ಅದಕ್ಕೆ ಅಳತೆಪಟ್ಟಿಯಿಲ್ಲ ಎಂಬುದನ್ನು ಮೊದಲೇ ಒಪ್ಪಿಬಿಡುತ್ತೇವೆ. ತಂತಿಯ ವಿಷಯ ಬೇರೆ. ಮಿರಜದ ಕುಶಲಿ ಅಳೆಯದೆ ತಂತಿ ಹಾಕುವುದಿಲ್ಲ. ಅವನು ತಂಬೂರಿಯನ್ನು ಎದುರಿಗಿಟ್ಟುಕೊಂಡು, ತಂತಿಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹೊಸೆದು, ಬಿರಡೆ ತಿರುವಿ ಸೆಳೆತವನ್ನು ಅಂಗೈಯಲ್ಲಿ ತೂಗುತ್ತಾನೆ. ಅವನ ಬೆರಳೇ ಮೈಕ್ರೊಮೀಟರು, ಅಂಗೈಯೇ ತಕ್ಕಡಿ. ಕೊಥರೂಡಿನ ಫ್ಲ್ಯಾಟಿನಲ್ಲಿ ಕೂತು ಅಂಚೆಯಲ್ಲಿ ಪೊಟ್ಟಣ ತರಿಸುವವರ ಬಳಿ ಆ ಬೆರಳಿಲ್ಲ, ಪೊಟ್ಟಣ ಕಟ್ಟುವವನ ಎದುರಿಗೆ ಆ ತಂಬೂರಿಯಿಲ್ಲ. ಹಾಗಿದ್ದಾಗ ‘ಕಿವಿಯ ವಿದ್ಯೆ’ ಎಂಬ ಮಾತು ವಿದ್ಯೆಯನ್ನು ಕಾಯುವುದಿಲ್ಲ, ಉದಾಸೀನವನ್ನು ಕಾಯುತ್ತದೆ. ಕಿವಿ ತೀರ್ಪು ಕೊಡುತ್ತದೆ. ಆ ತೀರ್ಪನ್ನು ಮುಂದಿನ ತಲೆಮಾರಿಗೆ, ಮುಂದಿನ ಊರಿಗೆ ದಾಟಿಸುವುದು ಬರೆದಿಟ್ಟ ಅಳತೆ.

ಹೊರನಾಡಿನಲ್ಲಿ ಕನ್ನಡ ಓದುವವರಿಗೆ ಈ ತರ್ಕ ಹೊಸದಲ್ಲ. ಊರಿನಲ್ಲಿ ಉಳಿದವರಿಗೆ ಮಾತೇ ಸಾಕು, ಊರು ಬಿಟ್ಟವರಿಗೆ ಬರಹ ಬೇಕು. ಸುತ್ತಲೂ ಮರಾಠಿ, ಹಿಂದಿ, ಇಂಗ್ಲಿಷುಗಳಿರುವಾಗ ಮನೆಯ ಮಕ್ಕಳಿಗೆ ಅಕ್ಷರ ಕಲಿಸಬೇಕೆಂದು ಹಟ ಹಿಡಿಯುವವರು ನಾವು. ಕೇಳಿದ್ದಷ್ಟರಿಂದಲೇ ಭಾಷೆ ಉಳಿಯುವುದಿಲ್ಲವೆಂಬುದು ನಮಗೆ ಬಾಳಿನ ಪಾಠ. ತಂಬೂರಿಯೂ ನಮ್ಮೊಡನೆ ಊರು ಬಿಟ್ಟು ಬಂದ ವಾದ್ಯ. ತನ್ನನ್ನು ಬಲ್ಲ ಕೈಗಳಿಂದ ಅದೂ ದೂರವಾಗಿದೆ. ಅದಕ್ಕೂ ಒಂದು ಅಕ್ಷರ ಬೇಕು.

ಎರಡನೆಯ ಆಕ್ಷೇಪಣೆ ಕಿರಿಯರದು. ‘ಫೋನಿನಲ್ಲಿ ತಂಬೂರಿಯ ಆಪ್ ಇದೆ, ಎಲೆಕ್ಟ್ರಾನಿಕ್ ಪೆಟ್ಟಿಗೆ ಇದೆ. ಅವು ಶ್ರುತಿ ತಪ್ಪುವುದಿಲ್ಲ. ಈ ಕಷ್ಟವೆಲ್ಲ ಯಾಕೆ?’ ಎಲೆಕ್ಟ್ರಾನಿಕ್ ತಂಬೂರಿಯನ್ನು ನಾವು ಹಳಿಯುವುದಿಲ್ಲ. 1979ರಲ್ಲಿ ಅದನ್ನು ರೂಪಿಸಿದವರು ಬೆಂಗಳೂರಿನ ಜಿ. ರಾಜ್ ನಾರಾಯಣ್, ಆ ಹೆಮ್ಮೆಯೂ ಕನ್ನಡ ನಾಡಿಗೆ ಸಲ್ಲಬೇಕು. ಪ್ರಯಾಣದಲ್ಲಿ, ಹಾಸ್ಟೆಲಿನಲ್ಲಿ, ತಂಬೂರಿ ಹೊರಲಾಗದ ಕಡೆಗಳಲ್ಲಿ ಅದು ಉಪಕಾರಿ. ಆದರೆ ಪೆಟ್ಟಿಗೆ ನುಡಿಯುತ್ತದೆಯೇ ಹೊರತು ಕೇಳಿಸಿಕೊಳ್ಳುವುದಿಲ್ಲ. ಮರದ ತಂಬೂರಿಯ ಎದುರು ಷಡ್ಜ ಸರಿಯಾಗಿ ಹಚ್ಚಿದರೆ ಯಾರೂ ಮೀಟದ ತಂತಿ ತಾನಾಗಿ ಕಂಪಿಸುತ್ತದೆ, ಕೂದಲೆಳೆಯಷ್ಟು ತಪ್ಪಿದರೆ ಸುಮ್ಮನಿರುತ್ತದೆ. ಆ ಸಮ್ಮತಿಯೂ ಆ ಮೌನವೂ ವಿದ್ಯಾರ್ಥಿಗೆ ಪಾಠ. ಇದಲ್ಲದೆ, ತಂಬೂರಿಯನ್ನು ಸೇರಿಸುವುದೇ ಒಂದು ಅಭ್ಯಾಸ. ಬಿರಡೆ ತಿರುವಿ, ಮಣಿ ಸರಿಸಿ, ನೂಲಿನೆಳೆ ಜಾರಿಸಿ ಖರಜವನ್ನು ನೆಲೆಗೆ ತಂದ ಮಗು ಹಾಡುವ ಮೊದಲೇ ಅರ್ಧ ಪಾಠ ಕಲಿತಿರುತ್ತದೆ. ಗುಂಡಿ ಒತ್ತಿದ ಮಗುವಿಗೆ ಆ ಅರ್ಧ ಸಿಗುವುದಿಲ್ಲ. ನಮ್ಮ ಜಗಳ ಪೆಟ್ಟಿಗೆಯೊಂದಿಗಲ್ಲ, ಪೆಟ್ಟಿಗೆಯಿದೆಯೆಂದು ಮನೆಯ ತಂಬೂರಿಯನ್ನು ಹೂದಾನಿಯ ಸಾಲಿಗೆ ಸೇರಿಸುವ ಮನಸ್ಸಿನೊಂದಿಗೆ.

ಮೂರನೆಯದು ಆಕ್ಷೇಪಣೆಯೂ ಅಲ್ಲ, ಭುಜ ಕುಣಿಸುವಿಕೆ: ‘ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಮಾತೇ?’ ಸಣ್ಣ ವಿಷಯವೆಂಬುದೇ ಇದರ ಕೇಡು. ದೊಡ್ಡ ನಷ್ಟಗಳಿಗೆ ಸಭೆ ಕೂಡುತ್ತದೆ, ಠರಾವು ಆಗುತ್ತದೆ. ಖರಜ ಮೂಕವಾದುದಕ್ಕೆ ಯಾರೂ ಸಭೆ ಕರೆಯುವುದಿಲ್ಲ. ಸರಿಯಾದ ತಂತಿಗೂ ತಪ್ಪು ತಂತಿಗೂ ಬೆಲೆಯಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಅಂತರವಿರುವುದು ಅರ್ಧ ತಾಸಿನ ಶ್ರದ್ಧೆಯಲ್ಲಿ. ಹಣಕ್ಕೆ ಸಂಬಂಧಿಸಿದ ಆಲಸ್ಯಕ್ಕಾದರೂ ಬಡತನದ ಸಮರ್ಥನೆಯಿದೆ, ಈ ಆಲಸ್ಯಕ್ಕೆ ಅದೂ ಇಲ್ಲ.

ಆದ್ದರಿಂದ ನಾವು ಕೇಳುವುದು ಇಷ್ಟೇ. ಹಳೆಯ ತಂತಿಯನ್ನು ಎಸೆಯಬೇಡಿ. ಬಿಚ್ಚುವ ಮೊದಲು ಮೇರುವಿನಿಂದ ಕುದುರೆಯವರೆಗಿನ ಉದ್ದವನ್ನು ಟೇಪಿನಿಂದ ಅಳೆದು ಬರೆಯಿರಿ. ಬಿಚ್ಚಿದ ಮೇಲೆ ಬಿರಡೆಗೆ ಸುತ್ತಿದ ತುದಿಯನ್ನೂ ಕುದುರೆಯ ಮೇಲೆ ಸವೆದ ಭಾಗವನ್ನೂ ಬಿಟ್ಟು, ನಡುವಿನಲ್ಲಿ ಮೂರು ಕಡೆ ದಪ್ಪ ಅಳೆಯಿರಿ, ನಂಬರಿನಲ್ಲಲ್ಲ, ಮಿಲಿಮೀಟರಿನಲ್ಲಿ. ಮೈಕ್ರೊಮೀಟರ್ ಇಲ್ಲವೆಂದು ಕೈಚೆಲ್ಲಬೇಡಿ. ಅರ್ಧ ಮೀಟರ್ ತಂತಿ ಕತ್ತರಿಸಿ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ, ಎರಡರಿಂದ ಗುಣಿಸಿ. ಹಿತ್ತಾಳೆಯಾದರೆ ಮೀಟರಿಗೆ 3.4 ಗ್ರಾಂ ಬಂದದ್ದು 0.71 ಮಿ.ಮೀ., 2.1 ಗ್ರಾಂ ಬಂದದ್ದು 0.56 ಮಿ.ಮೀ. ಲೋಹ ಯಾವುದೆಂದು ಬರೆಯಿರಿ, ಸಂದೇಹವಿದ್ದರೆ ತುಂಡನ್ನೇ ಲಕೋಟೆಯಲ್ಲಿಟ್ಟು ತಂತಿ ಕೊಡುವವರಿಗೆ ಕಳಿಸಿ. ಮನೆಯಲ್ಲಿ ಹಾಡುವವರ ಷಡ್ಜ ಯಾವ ಮನೆಯದು, ಕರಿ ಒಂದೋ ಬಿಳಿ ಐದೋ ಎಂದು ಬರೆಯಿರಿ. ಹಾಡುವವರು ಬದಲಾಗಿ ಷಡ್ಜವೂ ಬದಲಾಗಿದ್ದರೆ ಹಳೆಯ ತಂತಿಯ ನಕಲು ಬೇಡ, ಹೊಸ ಲೆಕ್ಕ ಬೇಕು. ಏರಿದ ಶ್ರುತಿಗೆ ತೆಳು ತಂತಿ, ಇಳಿದ ಶ್ರುತಿಗೆ ದಪ್ಪ ತಂತಿ. ತಂತಿ ಬದಲಾದ ಮೇಲೆ ಜೀವಾರಿಯನ್ನು ಬಲ್ಲವರಿಂದ ನೋಡಿಸಿ. ಹೊಸ ತಂತಿ ಮೊದಲ ಕೆಲವು ದಿನ ಹಿಗ್ಗುತ್ತದೆ, ದಿನವೂ ಸೇರಿಸುತ್ತಿರಿ, ಕೆಟ್ಟಿತೆಂದು ದೂರಬೇಡಿ. ಕೊನೆಯದಾಗಿ, ಈ ನಾಲ್ಕು ಸಾಲುಗಳನ್ನು ಒಂದು ಕಾಗದದಲ್ಲಿ ಕನ್ನಡದಲ್ಲಿಯೇ ಬರೆದು ತಂಬೂರಿಯ ಗವಸಿನ ಜೇಬಿನಲ್ಲಿ ಇಡಿ. ಮುಂದೆ ತಂತಿ ಬದಲಿಸುವವರು ನಿಮ್ಮ ಮಗಳಾಗಿರಬಹುದು, ನೀವು ಕಾಣದ ಯಾರೋ ಆಗಿರಬಹುದು. ಅವರು ಊಹಿಸಬೇಕಾಗಿಲ್ಲ.

ಪುಣೆಯ ಕನ್ನಡ ಸಂಘ ಸಂಸ್ಥೆಗಳಿಗೂ ನಮ್ಮದೊಂದು ಮಾತು. ಸಂಗೀತ ಕಾರ್ಯಕ್ರಮಗಳಿಗೆ ಹಾರ, ಶಾಲು, ಫಲಕಗಳ ಖರ್ಚು ನಡೆದೇ ಇದೆ. ವರ್ಷಕ್ಕೊಂದು ದಿನ ಮಿರಜದ ಕುಶಲಿಯೊಬ್ಬರನ್ನು ಕರೆಸಿ, ಸದಸ್ಯರು ತಮ್ಮ ತಂಬೂರಿಗಳನ್ನು ತಂದು ಅಳೆಯಿಸಿ, ತಂತಿ ಹಾಕಿಸಿ, ಜೀವಾರಿ ತೆಗೆಸಿಕೊಳ್ಳುವ ಏರ್ಪಾಡು ಮಾಡಿದರೆ ಆ ಫಲಕಗಳಿಗಿಂತ ಹೆಚ್ಚು ಕಾಲ ಬಾಳುವ ಸನ್ಮಾನವಾದೀತು. ಕುಶಲಿಗೆ ಕೂಲಿ ಸಿಗುತ್ತದೆ. ಅವರ ಬೆರಳಿಗೆ ತಿಳಿದದ್ದು ಕಾಗದಕ್ಕೆ ಇಳಿಯುತ್ತದೆ. ಪರಂಪರೆಯನ್ನು ಹೊಗಳುವುದಕ್ಕಿಂತ ಅದರ ಕೆಲಸಗಾರನಿಗೆ ಕೆಲಸ ಕೊಡುವುದು ಮೇಲು.

ಪುಣೆಯಿಂದ ಬೆಳಗಾವಿ, ಹುಬ್ಬಳ್ಳಿಗಳಿಗೆ ಹೋಗುವ ರೈಲು ಮಿರಜವನ್ನು ಹಾದೇ ಹೋಗುತ್ತದೆ. ಮೀಟರ್ ಗೇಜಿನ ಕಾಲದಲ್ಲಿ ಅಲ್ಲಿ ಗಾಡಿ ಬದಲಿಸಿದ ನೆನಪು ಹಿರಿಯರಿಗಿದೆ. ಈಗ ಇಳಿಯುವ ಅಗತ್ಯವಿಲ್ಲ. ಇಳಿಯಬೇಕೆಂಬುದೇ ನಮ್ಮ ಹಟ. ಮುಂದಿನ ಸಲ ಊರಿಗೆ ಹೋಗುವಾಗ ಚೀಲದಲ್ಲಿ ಒಂದು ಲಕೋಟೆಯಿರಲಿ, ಅದರಲ್ಲಿ ಹಳೆಯ ಖರಜದ ತುಂಡೂ ನಾಲ್ಕು ಸಾಲಿನ ಅಳತೆಯೂ ಇರಲಿ. ಅಂಗಡಿಯ ಕಟ್ಟೆಯ ಮೇಲೆ ಅದನ್ನು ಇಟ್ಟು ‘ಈ ತಂಬೂರಿಗೆ, ಈ ದನಿಗೆ, ಇಂಥ ತಂತಿ ಬೇಕು’ ಎಂದು ಕೇಳಿ. ಅಷ್ಟು ವಿವರವಾಗಿ ಕೇಳುವ ಗಿರಾಕಿ ಬಂದನೆಂದರೆ ಕೊಡುವವನ ಕೈಯೂ ನೆಟ್ಟಗಾಗುತ್ತದೆ.